ದಿನಕ್ಕೆ ಒಂದು

ಫೆಬ್ರವರಿ ೧೮

ಅಕ್ಕಾ,

ನೀನು ಫೋನ್ ಮಾಡಿದಾಗ ಎತ್ತಲಿಲ್ಲವೆಂದು ಬೇಜಾರು ಮಾಡಿಕೊಳ್ಳಬೇಡ. ಎತ್ತಿದರೂ ಒಬ್ಬರ ಉಸಿರು ಇನ್ನೊಬ್ಬರು ಕೇಳಿಸಿಕೊಂಡು ಕೂರುತ್ತೇವೆ, ಅಷ್ಟೇ. ಹೋದ ಸಲ ನಾಲ್ಕು ನಿಮಿಷ ಹಾಗೇ ಕೂತಿದ್ದು ಆಮೇಲೆ ನೀನು "ಸರಿ ಹಾಗಾದ್ರೆ" ಎಂದೆ. ಏನು ಸರಿ ಎಂದು ನಾನು ಕೇಳಲಿಲ್ಲ. ಕಾಗದವಾದರೆ ಒಂದು ವಾಕ್ಯ ಮುಗಿದ ಮೇಲೆ ಇನ್ನೊಂದನ್ನು ಬರೆಯಲೇಬೇಕಾಗುತ್ತದೆ.

ಇವತ್ತು ಅಮ್ಮನ ಕೋಣೆ ಖಾಲಿ ಮಾಡಲು ಶುರು ಮಾಡಿದೆ. ಬಟ್ಟೆ ಮುಟ್ಟಲಿಲ್ಲ. ಕಿಟಕಿ ಕಟ್ಟೆಯ ಮೇಲಿದ್ದ ಔಷಧಿ ಡಬ್ಬಿಯನ್ನು ಮಾತ್ರ ಸುರಿದೆ. ಕೀಲು ನೋವಿನ ಮಾತ್ರೆ, ನಿದ್ದೆಯದು, ಮತ್ತೆ ಆ ಜ್ವರದ ಕ್ಯಾಪ್ಸೂಲ್ ಪಟ್ಟಿ. ಹತ್ತರದ್ದು. ಜನವರಿ ಹತ್ತರಿಂದ ದಿನಕ್ಕೆ ಒಂದು ಕೊಡುತ್ತಿದ್ದೆ. ಹದಿನಾರರ ಬೆಳಿಗ್ಗೆ ಕೊಡುವ ಮೊದಲೇ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಆರು ಹೋಗಿ ನಾಲ್ಕು ಉಳಿದಿರಬೇಕು. ಐದು ಉಳಿದಿವೆ.

ಲೆಕ್ಕ ಹಾಕಿದೆ. ಹದಿನಾಲ್ಕನೇ ತಾರೀಕು. ಅವತ್ತು ಅಂಗಡಿಯಲ್ಲಿ ವರ್ಷದ ಸ್ಟಾಕ್ ಎಣಿಕೆ, ನಾನು ಏಳಕ್ಕೇ ಹೊರಟಿದ್ದೆ. ಸಾವಿರದ ಇನ್ನೂರು ಕನ್ನಡಕದ ಚೌಕಟ್ಟುಗಳನ್ನು ಒಂದೂ ತಪ್ಪದೆ ಎಣಿಸಿ ಬಂದೆ. ಅಮ್ಮನಿಗೆ ಒಂದು ಕ್ಯಾಪ್ಸೂಲ್ ಕೊಡಲಿಲ್ಲ.

ಇವರು "ಒಂದು ದಿನದಿಂದ ಏನಾಗುತ್ತೆ, ಬಿಡು" ಎಂದರು. ಇವರಿಗೆ ಏನು ಗೊತ್ತು. ಗೊತ್ತಿರುವವಳು ನೀನು. ಯಾವ ಜ್ವರ ಔಷಧಿಗೆ ಬಗ್ಗುತ್ತದೆ, ಯಾವುದು ಬಗ್ಗುವುದಿಲ್ಲ ಎಂದು ನೋಡುವುದೇ ನಿನ್ನ ಕೆಲಸವಲ್ಲವೇ? ನಮ್ಮ ಆಸ್ಪತ್ರೆಯ ಮಾದರಿಗಳು ನಿಮ್ಮ ಪ್ರಯೋಗಾಲಯಕ್ಕೇ ಬರುತ್ತವೆ ಎಂದು ನರ್ಸ್ ಹೇಳಿದರು. ಅಮ್ಮನ ಮೂಗಿನೊಳಗೆ ಕಡ್ಡಿ ಹಾಕಿ ತೆಗೆದದ್ದರ ನಂಬರು ಡಿಸ್ಚಾರ್ಜ್ ಕಾಗದದಲ್ಲಿದೆ. ತೀರಿಕೊಂಡವಳಿಗೂ ಡಿಸ್ಚಾರ್ಜ್ ಎಂದೇ ಬರೆದಿದ್ದಾರೆ. ನಾಲ್ಕು ನಾಲ್ಕು ಒಂದು ಏಳು.

ನೋಡಿ ಹೇಳು. ಆ ಒಂದು ದಿನದಿಂದಲೇ ಆಯಿತೆ?

ಪುಟ್ಟಿ ಶಾಲೆಗೆ ಹೋಗುತ್ತಿದ್ದಾಳೆ. ಮಾತು ಕಡಿಮೆ.

ನಿನ್ನ
ತಂಗಿ


ಫೆಬ್ರವರಿ ೨೭

ತಂಗೀ,

ನಂಬರನ್ನು ಬರೆಯಬಾರದಿತ್ತು. ಓದಿದ ಮೇಲೆ ಓದಿಲ್ಲವೆಂದು ಅಂದುಕೊಳ್ಳಲು ಆಗುವುದಿಲ್ಲ.

ನಮ್ಮ ಕೆಲಸ ಹೇಗೆಂದು ನಿನಗೆ ಸರಿಯಾಗಿ ಹೇಳಿಯೇ ಇಲ್ಲವೆಂದು ಕಾಣುತ್ತದೆ. ಆಸ್ಪತ್ರೆಗಳಿಂದ, ಕ್ಲಿನಿಕ್ಕುಗಳಿಂದ ಫ್ಲೂ ಮಾದರಿಗಳು ಬರುತ್ತವೆ. ಬಾಗಿಲ ಹೊರಗೇ ಹೆಸರು ಕಳಚಿ ನಂಬರನ್ನಷ್ಟೇ ಉಳಿಸುತ್ತಾರೆ. ನಾನು ನೋಡುವುದು ನಂಬರು, ಎಲ್ಲಿಂದ ಬಂತು, ಗಂಡೋ ಹೆಣ್ಣೋ, ವಯಸ್ಸು, ತಾರೀಕು, ಮತ್ತು ಎರಡು ಚೌಕ: "ರೋಗಿ" ಅಥವಾ "ಸಂಪರ್ಕ". ಅಂದರೆ ಜ್ವರ ಬಂದವರೋ, ಜ್ವರ ಬಂದವರ ಹತ್ತಿರ ಇದ್ದವರೋ. ಯಾವುದೋ ಒಂದಕ್ಕೆ ಗುರುತು ಹಾಕಿರುತ್ತದೆ. ವೈರಸ್ಸನ್ನು ಬೆಳೆಸಿ, ತಟ್ಟೆಯ ಸಣ್ಣ ಗುಳಿಗಳಿಗೆ ಹಾಕಿ, ಪ್ರತಿ ಗುಳಿಗೂ ಸ್ವಲ್ಪ ಸ್ವಲ್ಪ ಹೆಚ್ಚಾಗಿ ಔಷಧಿ ಸೇರಿಸುತ್ತೇವೆ. ವೈರಸ್ ಚುರುಕಾಗಿದ್ದರೆ ಗುಳಿ ಬೆಳಗುತ್ತದೆ. ಔಷಧಿ ಹಿಡಿದರೆ ಬೆಳಕು ಇಳಿಯುತ್ತದೆ. ಎಷ್ಟು ಔಷಧಿಗೆ ಬೆಳಕು ಅರ್ಧವಾಯಿತು ಎಂದು ಯಂತ್ರ ಓದುತ್ತದೆ. ನಾನು ಬರೆದುಕೊಳ್ಳುತ್ತೇನೆ. ಹದಿನೇಳು ವರ್ಷದಿಂದ ಇಷ್ಟೇ.

ಇದು ಒಬ್ಬ ರೋಗಿಗಾಗಿ ಮಾಡುವ ಪರೀಕ್ಷೆಯಲ್ಲ. ಫಲಿತಾಂಶ ಬರುವ ಹೊತ್ತಿಗೆ ಆ ರೋಗಿ ಎದ್ದು ಕೆಲಸಕ್ಕೆ ಹೋಗಿರುತ್ತಾನೆ, ಅಥವಾ ಇಲ್ಲ. ಈ ವರ್ಷ ಔಷಧಿ ಎಲ್ಲೆಲ್ಲಿ ಸೋಲುತ್ತಿದೆ ಎಂದು ತಿಳಿಯಲಿಕ್ಕೆ ಮಾತ್ರ.

ಆಸ್ಪತ್ರೆಯಲ್ಲಿ ತೀರಿಕೊಂಡವರ ಮಾದರಿಯನ್ನು ಹೇಗೂ ಪರೀಕ್ಷಿಸಲೇಬೇಕೆಂಬ ನಿಯಮವಿದೆ. ಅದರ ಸರದಿ ಬಂದಾಗ ಬರುತ್ತದೆ. ನಾನು ಮುಂದಕ್ಕೆ ಎಳೆಯುವುದಿಲ್ಲ.

ಅಮ್ಮ ಹೋದ ನಾಲ್ಕನೇ ದಿನಕ್ಕೇ ಕೆಲಸಕ್ಕೆ ಬಂದೆನೆಂದು ಇಲ್ಲಿ ಎಲ್ಲರೂ ನನ್ನ ಮುಖ ನೋಡುತ್ತಾರೆ. ಪಕ್ಕದ ಮೇಜಿನಲ್ಲಿ ಮೊಟ್ಟೆಯಣ್ಣ ಇದ್ದಾರೆ. ಹಿಂದೆ ಕೋಳಿಮೊಟ್ಟೆಯಲ್ಲಿ ವೈರಸ್ ಬೆಳೆಸುತ್ತಿದ್ದವರು, ಆ ಹೆಸರು ಉಳಿದುಬಿಟ್ಟಿದೆ. "ಮನೇಲಿರ್ಬಾರ್ದಾ ಮೇಡಂ? ನೀವು ಬರ್ಲಿಲ್ಲಾಂತ ಈ ವೈರಸ್‌ಗಳೇನು ಅಳ್ತಾವಾ?" ಎಂದರು. ಮನೆಯಲ್ಲಿ ಏನು ಮಾಡಲಿ ಎಂದೆ. "ನಾನು ದಿನಕ್ಕೆ ಮುನ್ನೂರು ಮೊಟ್ಟೆ ಒಡೀತಿದ್ದ ಕಾಲದಲ್ಲಿ ಮನೆಗೆ ಹೋಗಿ ಗೋಡೆ ನೋಡ್ತಿದ್ದೆ. ಗೋಡೆ ಒಳ್ಳೇದು, ಏನೂ ಕೇಳಲ್ಲ" ಎಂದರು. ನಾನು ನಗಬೇಕಿತ್ತು ಅನ್ನಿಸುತ್ತದೆ. ಅವರು ತಮ್ಮ ಕೆಲಸಕ್ಕೆ ತಿರುಗಿದರು.

ಊಟ ಸರಿಯಾಗಿ ಮಾಡು.

ಅಕ್ಕ


ಮಾರ್ಚ್ ೬

ಅಕ್ಕಾ,

ನಾನು ಕೇಳಿದ್ದು ಒಂದು, ನೀನು ಬರೆದದ್ದು ಪಾಠ. ನಿನ್ನದು ಯಾವಾಗಲೂ ರೈಲು ನಿಲ್ದಾಣದಲ್ಲಿ ಘೋಷಣೆ ಮಾಡುವವರ ದನಿ. ಅಮ್ಮನೇ ಹೇಳುತ್ತಿರಲಿಲ್ಲವೇ, "ದೊಡ್ಡವಳಿಗೆ ಫೋನ್ ಮಾಡಿದ್ರೆ ಯಾವ ಪ್ಲಾಟ್‌ಫಾರಂಗೆ ಹೋಗ್ಬೇಕೋ ಗೊತ್ತಾಗುತ್ತೆ" ಎಂದು?

ನಿನ್ನೆ ಅಂಗಡಿಗೆ ಒಬ್ಬ ಮುದುಕರು ಹೊಸ ಕನ್ನಡಕ ವಾಪಸು ತಂದರು. "ಇದು ಬೇಡಮ್ಮ, ಇದ್ರಲ್ಲಿ ನನ್ನ ಹೆಂಡ್ತಿಗೆ ತುಂಬ ವಯಸ್ಸಾಗಿದೆ."

"ಹಳೇದ್ರಲ್ಲಿ ಹೇಗೆ ಕಾಣ್ತಿದ್ರು?"

"ಕಾಣ್ತಾನೇ ಇರ್ಲಿಲ್ಲ. ನೆಮ್ಮದಿಯಾಗಿದ್ವಿ."

ಅಂಗಡಿಯವರೆಲ್ಲ ಬಿದ್ದು ಬಿದ್ದು ನಕ್ಕರು. ನಾನು ಗಾಜುಗಳನ್ನು ಮತ್ತೆ ಅಳೆದು ನೋಡಿದೆ. ಅಳತೆ ಸರಿಯಾಗಿತ್ತು. ಹಾಗೆಂದೆ. ಅವರು ಪಾಪ ಕನ್ನಡಕ ಜೇಬಿಗಿಟ್ಟುಕೊಂಡು ಹೊರಟುಹೋದರು. ಈಗ ನಿನ್ನ ಹಾಗೇ ಆಗಿದ್ದೇನೆ ನೋಡು.

ಕ್ಯಾಪ್ಸೂಲ್ ಪಟ್ಟಿಯ ಜೊತೆ ಕ್ಲಿನಿಕ್ ಡಾಕ್ಟರ ಚೀಟಿಯೂ ಇತ್ತು. ಮೊದಲು ಪುಟ್ಟಿಗಲ್ಲವೇ ಜ್ವರ ಬಂದದ್ದು. ಅವಳ ಮೂಗಿನಿಂದಲೂ ಕಡ್ಡಿ ತೆಗೆದು, ಅವಳಿಗೆ ಔಷಧಿ ಕೊಟ್ಟು, ಮನೆಯಲ್ಲಿ ವಯಸ್ಸಾದವರಿದ್ದಾರೆ ಎಂದದ್ದಕ್ಕೆ ಅಮ್ಮನಿಗೂ ಒಂದು ಪಟ್ಟಿ ಬರೆದರು. ಚೀಟಿಯಲ್ಲಿ ಎರಡು ಸಾಲು ಇದೆ. "ಲಕ್ಷಣವಿದ್ದರೆ ಬೆಳಿಗ್ಗೆ ಒಂದು, ಸಂಜೆ ಒಂದು, ಐದು ದಿನ." ಅದರ ಕೆಳಗೆ, "ಇಲ್ಲದಿದ್ದರೆ ಮುನ್ನೆಚ್ಚರಿಕೆಗೆ ದಿನಕ್ಕೆ ಒಂದು, ಹತ್ತು ದಿನ." ಯಾವುದೆಂದು ನಾನು ನಿನಗೆ ಫೋನ್ ಮಾಡಿದೆ. ನೀನು ದಿನಕ್ಕೆ ಒಂದು ಎಂದೆ. ಮರೆಯಬಾರದೆಂದು ಎರಡನೇ ಸಾಲಿನ ಕೆಳಗೆ ಗೀಟು ಎಳೆದು ಪಕ್ಕದಲ್ಲಿ "ಅಕ್ಕ" ಎಂದು ಬರೆದುಕೊಂಡಿದ್ದೇನೆ.

ಅವತ್ತು ಅಮ್ಮ ಗಂಟಲಲ್ಲಿ ಏನೋ ಕೆರೀತಿದೆ ಎಂದಿದ್ದಳು. ನಿನಗೆ ಹೇಳಿದೆ ಎಂದು ನೆನಪು. ಹೇಳಿದೆನೋ ಇಲ್ಲವೋ, ಈಗ ಖಾತ್ರಿ ಇಲ್ಲ. ಅವಳಿಗೆ ಯಾವಾಗಲೂ ಏನೋ ಒಂದು ಇದ್ದೇ ಇರುತ್ತಿತ್ತು.

ಇರಲಿ. ನೀನು ಹೇಳಿದ ಹಾಗೆಯೇ ಕೊಟ್ಟೆ, ಆ ಒಂದು ದಿನ ಬಿಟ್ಟು. ಅದರ ಬಗ್ಗೆ ಹೇಳು. ಬೇರೆ ಏನೂ ಬೇಡ.

ತಂಗಿ


ಮಾರ್ಚ್ ೨೯

ತಂಗೀ,

ಆ ನಂಬರಿನ ಸರದಿ ಹೋದ ವಾರ ಬಂತು. ತಟ್ಟೆಯನ್ನು ನಾನೇ ತಯಾರಿಸಬೇಕಾಗಿತ್ತು, ನಾನೇ ತಯಾರಿಸಿದೆ.

ಔಷಧಿ ಹೆಚ್ಚಾದಷ್ಟೂ ಬೆಳಕು ಇಳಿಯಬೇಕು. ಆ ಸಾಲಿನಲ್ಲಿ ಇಳಿಯಲಿಲ್ಲ. ಕೊನೆಯ ಗುಳಿಗಳವರೆಗೂ ಬಹುಪಾಲು ಹಾಗೇ ಇತ್ತು. ಸಾಮಾನ್ಯ ವೈರಸ್ಸಿಗೆ ಸಾಕಾಗುವುದರ ನೂರಾರು ಪಟ್ಟು ಔಷಧಿ ಬೇಕಾಯಿತು. ಅನುಮಾನ ಉಳಿಯಬಾರದೆಂದು ಅದರ ಜೀನ್ ಓದಿಸಿದರು. ಔಷಧಿ ಹಿಡಿದುಕೊಳ್ಳುವ ಜಾಗದಲ್ಲಿ ಬದಲಾವಣೆ ಇದೆ. ನಮಗೆ ಚೆನ್ನಾಗಿ ಪರಿಚಯವಿರುವ ಬದಲಾವಣೆಯೇ. ಈ ವರ್ಷ ಎಂಟುನೂರ ಮೂವತ್ತು ಮಾದರಿಗಳಲ್ಲಿ ಇದು ಮೂರನೆಯದು.

ಆಸ್ಪತ್ರೆಯಲ್ಲಿ ದಿನಕ್ಕೆ ಎರಡು ಕೊಟ್ಟರೂ ಜ್ವರ ಯಾಕೆ ಇಳಿಯಲಿಲ್ಲ ಎಂಬುದಕ್ಕೆ ಇದೇ ಕಾರಣ. ಅಷ್ಟು ಹೊತ್ತಿಗೆ ಅವಳ ಮೈಯಲ್ಲಿದ್ದ ವೈರಸ್ ಆ ಔಷಧಿಗೆ ಬಗ್ಗುವಂಥದ್ದಾಗಿರಲಿಲ್ಲ.

ಹದಿನಾಲ್ಕನೇ ತಾರೀಕು ತಪ್ಪಿದ ಒಂದು ಕ್ಯಾಪ್ಸೂಲಿನಿಂದ ಹೀಗಾಗಲಿಲ್ಲ. ಇದನ್ನು ನಿನ್ನ ಸಮಾಧಾನಕ್ಕೆಂದು ಬರೆಯುತ್ತಿಲ್ಲ.

ಕೆಲಸ ಜಾಸ್ತಿ ಇದೆ. ಇಲ್ಲಿಗೇ ನಿಲ್ಲಿಸುತ್ತೇನೆ.

ಅಕ್ಕ


ಏಪ್ರಿಲ್ ೪

ಅಕ್ಕಾ,

ನಿನ್ನ ಕಾಗದ ಬಂದ ದಿನ ಮೆಟ್ಟಿಲ ಮೇಲೇ ಕೂತು ಓದಿದೆ. ಮೂರನೇ ಮಹಡಿಗೆ ಹತ್ತುವಷ್ಟು ತಾಳ್ಮೆ ಇರಲಿಲ್ಲ. ಎರಡನೇ ಮಹಡಿಯ ಹೊಲಿಗೆಯವರು "ಏನಾಯ್ತು?" ಎಂದರು. "ಏನೂ ಆಗಿಲ್ಲ" ಎಂದೆ. ಆ ಮಾತು ಬಾಯಿಂದ ಬಂದಾಗ ಎಷ್ಟು ವಿಚಿತ್ರವಾಗಿ ಕೇಳಿಸಿತು ಗೊತ್ತೇ?

ಔಷಧಿಗೇ ಬಗ್ಗದ ಜ್ವರ. ಇವರಿಗೆ ಹೇಳಿದೆ, ಅಂಗಡಿಯಲ್ಲಿ ಹೇಳಿದೆ, ಹೊಲಿಗೆಯವರಿಗೂ ಕರೆದು ಹೇಳಿದೆ. ಎರಡು ದಿನ ಚೆನ್ನಾಗಿ ನಿದ್ದೆ ಮಾಡಿದೆ. ಎದ್ದಾಗ ಖುಷಿಯೇನೂ ಇರಲಿಲ್ಲ. ಮರಗಟ್ಟಿದ ಕಾಲಿನ ಮೇಲೆ ನಿಂತ ಹಾಗಿತ್ತು. ಆದರೂ ನಿಂತಿದ್ದೆ.

ಪುಟ್ಟಿಗೂ ಹೇಳಿದೆ, ಅಕ್ಕಾ. ಅಲ್ಲೇ ತಪ್ಪಾಯಿತು.

ಅವಳು ಊಟ ಮಾಡುತ್ತಿದ್ದಳು. "ಅಜ್ಜಿಗೆ ಬಂದದ್ದು ಔಷಧಿ ಕೇಳದಂಥ ಜ್ವರವಂತೆ, ಯಾರು ಏನು ಮಾಡಿದ್ರೂ ಅಷ್ಟೇ ಆಗ್ತಿತ್ತಂತೆ, ದೊಡ್ಡಮ್ಮ ಬರೆದಿದ್ದಾಳೆ" ಎಂದೆ. ಅವಳು ತಲೆ ಎತ್ತದೆ ಕೇಳಿದಳು:

"ಅಜ್ಜಿಗೆ ನನ್ನಿಂದ ತಾನೇ ಬಂದಿದ್ದು?"

"ಯಾರಿಂದಾದ್ರೂ ಬರುತ್ತೆ ಪುಟ್ಟಿ."

"ಅಲ್ಲ. ನನ್ನಿಂದ. ಮನೇಲಿ ಬೇರೆ ಯಾರಿಗೂ ಇರ್ಲಿಲ್ಲ." ಅನ್ನವನ್ನು ತಟ್ಟೆಯಂಚಿಗೆ ಸರಿಸುತ್ತ, "ಹಾಗಾದ್ರೆ ನಂದೇ ಆ ಥರದ್ದು. ಔಷಧಿ ಕೇಳದ್ದು" ಎಂದಳು.

"ನಿಂಗೆ ಔಷಧಿಯಿಂದಾನೇ ವಾಸಿಯಾಯ್ತಲ್ಲ" ಎಂದೆ. "ನಾನು ಚಿಕ್ಕೋಳು, ಅದಕ್ಕೆ ಸುಮ್ನೆ ವಾಸಿಯಾಗಿರುತ್ತೆ" ಎಂದಳು. ಒಂಬತ್ತು ವರ್ಷಕ್ಕೆ ಇಷ್ಟು ತರ್ಕ ಯಾರು ಕಲಿಸಿದರೋ. ನಿನ್ನದೇ ರಕ್ತ.

ಅವತ್ತಿನಿಂದ ಬೇರೆ ಲೋಟ ಇಟ್ಟುಕೊಂಡಿದ್ದಾಳೆ. ನಾನು ತಲೆ ಬಾಚಲು ಹೋದರೆ ಉಸಿರು ಬಿಗಿಹಿಡಿದು ಕೂರುತ್ತಾಳೆ. ಶಾಲೆಯಲ್ಲಿ ಕೊನೇ ಬೆಂಚಿಗೆ ಹೋಗಿ ಒಬ್ಬಳೇ ಕೂರುತ್ತಾಳೆಂದು ಟೀಚರ್ ಹೇಳಿ ಕಳಿಸಿದ್ದಾರೆ. ನಿನ್ನೆ ಇವರು ಎತ್ತಿಕೊಳ್ಳಲು ಹೋದಾಗ "ಬೇಡಪ್ಪಾ" ಎಂದು ಕೈ ಅಡ್ಡ ಹಿಡಿದಳು. ಅಳುತ್ತಿಲ್ಲ. ಅಳುತ್ತಿದ್ದರೆ ಹೇಗೋ ಸಮಾಧಾನ ಮಾಡುತ್ತಿದ್ದೆ.

ಅವಳಿಗೆ ಏನು ಹೇಳಲಿ? ಅವಳ ಮಾದರಿಯೂ ನಿಮ್ಮಲ್ಲಿಗೆ ಬಂದಿರುತ್ತದೆಯಲ್ಲ? ಅದರಲ್ಲಿ ಏನಿತ್ತು?

ತಂಗಿ


ಮೇ ೨

ತಂಗೀ,

ನಾಲ್ಕು ವಾರವಾಯಿತು. ಕೆಲಸವಿತ್ತು ಎಂದು ಬರೆದಿದ್ದೆ, ಹೊಡೆದು ಹಾಕಿದೆ. ಕೆಲಸವಿರಲಿಲ್ಲ. ಏಪ್ರಿಲ್‌ನಲ್ಲಿ ಫ್ಲೂ ಕಡಿಮೆಯಾಗುತ್ತದೆ, ನಾವು ತಟ್ಟೆ ತೊಳೆದು ಫ್ರೀಜರ್ ಸರಿಮಾಡುತ್ತೇವೆ.

ಪುಟ್ಟಿಯ ಮಾದರಿ ಬಂದಿತ್ತು. ಆ ಕ್ಲಿನಿಕ್ಕಿನಿಂದ, ಆ ತಾರೀಕಿಗೆ, ಒಂಬತ್ತು ವರ್ಷದ ಹುಡುಗಿ ಒಬ್ಬಳೇ. ಅಮ್ಮನದನ್ನು ಮಾಡುವ ಮೂರು ವಾರ ಮೊದಲೇ ಮಾಡಿ ಮುಗಿಸಿದ್ದೆವು. ಹಿಂದಿನ ಕಾಗದ ಬರೆಯುವಾಗ ಅದರ ಫಲಿತಾಂಶ ನನ್ನ ಮೇಜಿನ ಮೇಲೇ ಇತ್ತು. ನಾನು ಅದನ್ನು ಬರೆಯಲಿಲ್ಲ.

ಪುಟ್ಟಿಯ ವೈರಸ್ ಔಷಧಿಗೆ ಚೆನ್ನಾಗಿ ಬಗ್ಗುವಂಥದ್ದು. ತೀರ ಸಾಮಾನ್ಯ ಫ್ಲೂ. ಮೊದಲ ಕೆಲವು ಗುಳಿಗಳಲ್ಲೇ ಬೆಳಕು ಇಳಿದುಹೋಗಿತ್ತು. ಎರಡರ ಜೀನನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ಎಲ್ಲ ಒಂದೇ, ಆ ಒಂದು ಬದಲಾವಣೆಯನ್ನು ಬಿಟ್ಟು. ಅಂದರೆ ಅಮ್ಮನಿಗೆ ಬಂದದ್ದು ಪುಟ್ಟಿಯ ಜ್ವರವೇ, ಆದರೆ ಬಂದಾಗ ಅದು ಬಗ್ಗುವ ಜ್ವರವಾಗಿತ್ತು. ಬಗ್ಗದಂಥದ್ದು ಆದದ್ದು ಅಮ್ಮನ ಮೈಯಲ್ಲಿ, ಹತ್ತನೇ ತಾರೀಕಿಗೂ ಹದಿನಾರಕ್ಕೂ ನಡುವೆ.

ಅದು ಹೇಗೆ ಆಗುತ್ತದೆ ಎಂದರೆ, ಜ್ವರ ಆಗಲೇ ಒಳಗೆ ಬೆಳೆಯುತ್ತಿರುವವರಿಗೆ ಮುನ್ನೆಚ್ಚರಿಕೆಯ ಅಳತೆಯಲ್ಲಿ, ಅರ್ಧ ಔಷಧಿ ಕೊಟ್ಟಾಗ. ವೈರಸ್ ಪೂರ್ತಿ ಸಾಯುವಷ್ಟು ಔಷಧಿ ಇರುವುದಿಲ್ಲ. ತಡೆದುಕೊಳ್ಳುವ ಕೆಲವು ಉಳಿದುಕೊಂಡು ಅವೇ ಹೆಚ್ಚುತ್ತವೆ. ಕೀಲಿನ ಮಾತ್ರೆಯಿಂದ ಅಮ್ಮನ ಮೈಯ ರೋಗ ತಡೆಯುವ ಶಕ್ತಿ ಮೊದಲೇ ತಗ್ಗಿತ್ತು, ಆ ಮಾತ್ರೆ ಜ್ವರವನ್ನು ಮೇಲೆ ಕಾಣಿಸಲೂ ಬಿಡಲಿಲ್ಲ. ಇದೆಲ್ಲ ನನಗೆ ಗೊತ್ತಿರುವ ವಿಷಯ. ಹೊಸಬರಿಗೆ ನಾನೇ ವರ್ಷಕ್ಕೊಮ್ಮೆ ಪಾಠ ಮಾಡುತ್ತೇನೆ.

ನೀನು ಗಂಟಲು ಕೆರೆತದ ವಿಷಯ ಹೇಳಿದ್ದೆ. ಖಾತ್ರಿ ಇಲ್ಲವೆಂದು ಬರೆದಿದ್ದೀಯ. ನನಗಿದೆ. "ಅಮ್ಮಂಗೆ ಗಂಟಲು ಕೆರೀತಿದ್ಯಂತೆ ಕಣೇ, ಆದ್ರೆ ಅವಳದ್ದು ನಿಂಗೆ ಗೊತ್ತಲ್ಲ" ಎಂದೆ ನೀನು. ನಾನು ಫೋನನ್ನು ಭುಜಕ್ಕೆ ಒತ್ತಿಕೊಂಡು ಬಂದ ಮಾದರಿಗಳ ಕಾಗದಕ್ಕೆ ಗುರುತು ಹಾಕುತ್ತಿದ್ದೆ. ರೋಗಿ, ಸಂಪರ್ಕ, ಸಂಪರ್ಕ, ರೋಗಿ. ಪುಟ್ಟಿ ರೋಗಿ, ಅಮ್ಮ ಸಂಪರ್ಕ ಎಂದು ಮನಸ್ಸಿನಲ್ಲಿ ಆಗಲೇ ಗುರುತು ಬಿದ್ದಿತ್ತು. ಒಂದು ಮನೆಯಿಂದ ಒಬ್ಬರು ರೋಗಿ, ಉಳಿದವರು ಸಂಪರ್ಕ. ನಮ್ಮ ಕಾಗದ ಇರುವುದೇ ಹಾಗೆ. ನಿನ್ನ ಮಾತು ಕೇಳಿಸಿತು, ಆ ಚೌಕವನ್ನು ನಾನು ಬದಲಾಯಿಸಲಿಲ್ಲ. ದಿನಕ್ಕೆ ಒಂದು ಎಂದೆ. ಅಪರಿಚಿತರು ಯಾರಾದರೂ ಕೇಳಿದ್ದರೆ "ಯಾವಾಗಿನಿಂದ ಕೆರೆಯುತ್ತಿದೆ?" ಎಂದು ಕೇಳುತ್ತಿದ್ದೆ.

ದಿನಕ್ಕೆ ಎರಡು ಕೊಟ್ಟಿದ್ದರೆ ಅವಳು ಉಳಿಯುತ್ತಿದ್ದಳೇ? ಗೊತ್ತಿಲ್ಲ. ಉಳಿಯದೆಯೂ ಇರಬಹುದಿತ್ತು. ಅದನ್ನು ಯಾವ ತಟ್ಟೆಯೂ ಹೇಳುವುದಿಲ್ಲ. ಗೊತ್ತಿರುವುದು ಇಷ್ಟೇ: ಚೀಟಿಯ ಮೊದಲ ಸಾಲು ಅಮ್ಮನದಾಗಿತ್ತು, ನಾನು ಎರಡನೆಯದನ್ನು ಹೇಳಿದೆ.

ನಮ್ಮ ಮುಖ್ಯಸ್ಥರಿಗೂ ಹೇಳಿದ್ದೇನೆ, ಎರಡು ನಂಬರೂ ಯಾರದ್ದೆಂದು ನನಗೆ ಗೊತ್ತಿತ್ತು ಎಂದು. ಅವರು ಬಹಳ ಹೊತ್ತು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡಿದರು. "ಮೊದಲೇ ಹೇಳ್ಬೇಕಿತ್ತಮ್ಮ" ಎಂದರು. ಎರಡನ್ನೂ ಮೊಟ್ಟೆಯಣ್ಣನ ಕೈಯಲ್ಲಿ ಮತ್ತೆ ಮಾಡಿಸಿದರು. ಅದೇ ಬಂತು. ಮೊಟ್ಟೆಯಣ್ಣ ಫಲಿತಾಂಶದ ಹಾಳೆಯನ್ನು ನನ್ನ ಮೇಜಿನ ಮೇಲಿಟ್ಟು, ಅವತ್ತು ಒಂದೂ ಜೋಕು ಹೇಳದೆ ಮನೆಗೆ ಹೋದರು. ಒಂದೇ ಮನೆಯ ಎರಡು ಮಾದರಿ ಹೀಗೆ ಸಿಗುವುದು ಅಪರೂಪವಂತೆ. ವರ್ಷದ ವರದಿಯಲ್ಲಿ ಒಂದು ಸಾಲು ಬರುತ್ತದೆ.

ನನಗೆ ಅಳು ಬಂದಿಲ್ಲ. ಬರುತ್ತಿಲ್ಲವೆಂದು ನಿನಗೆ ಹೇಳುವುದೂ ಸರಿಯಲ್ಲ. ಬೇರೆ ಏನು ಹೇಳಬೇಕೋ ಗೊತ್ತಾಗದೆ ಹೇಳಿದ್ದೇನೆ.

ಪುಟ್ಟಿಗೆ ಹೇಳು: ಅವಳಿಂದ ಹೋದದ್ದು ಔಷಧಿ ಕೇಳುವ ಜ್ವರ. ಅದನ್ನು ಕೆಡಿಸಿದ್ದು ಅವಳಲ್ಲ.

ಅಕ್ಕ


ಜೂನ್ ೧೧

ಅಕ್ಕಾ,

ಉತ್ತರಕ್ಕೆ ನಿನ್ನಷ್ಟೇ ಸಮಯ ತೆಗೆದುಕೊಳ್ಳೋಣವೆಂದುಕೊಂಡೆ. ನಿನಗಿಂತ ಹೆಚ್ಚೇ ಆಯಿತು.

ಚೀಟಿ ಸಿಕ್ಕಿದ ದಿನವೇ ನನಗೆ ಗೊತ್ತಾಗಿತ್ತು. ನಿನ್ನಷ್ಟು ಓದಿಲ್ಲದಿದ್ದರೂ ಎರಡು ಸಾಲು ಓದಲು ಬರುತ್ತದೆ. ಹೇಳಿದ್ದು ಖಾತ್ರಿ ಇಲ್ಲವೆಂದು ಬರೆದದ್ದು ಸುಳ್ಳು. ಯಾವ ಕುರ್ಚಿಯ ಮೇಲೆ ಕೂತು ಹೇಳಿದೆ ಎಂಬುದೂ ನೆನಪಿದೆ. ಆದರೆ ಆ ಒಂದು ದಿನದ್ದು ನನ್ನ ಕೈಲಿತ್ತಲ್ಲ, ಅದನ್ನೇ ಹಿಡಿದುಕೊಂಡೆ. ತಪ್ಪು ನನ್ನದಾದರೆ ನಿನಗೆ ಬರೆಯಬಹುದಿತ್ತು, ಬೈಯಬಹುದಿತ್ತು, ಉತ್ತರ ಬರಲಿಲ್ಲವೆಂದು ಕಾಯಬಹುದಿತ್ತು. ನಿನ್ನದಾದರೆ ನಿನ್ನ ಜೊತೆ ಹೇಗೆ ಇರಬೇಕೋ ನನಗೆ ಗೊತ್ತಿರಲಿಲ್ಲ. ಈಗಲೂ ಗೊತ್ತಿಲ್ಲ. ಅಮ್ಮ ಹೋದ ಮೇಲೆ ನನ್ನನ್ನು ಚಿಕ್ಕವಳೆಂದು ಕರೆಯುವವರು ಬೇರೆ ಯಾರೂ ಉಳಿದಿಲ್ಲ.

ಕ್ಷಮಿಸಿದ್ದೇನೆ ಎಂದು ಬರೆಯುವುದಿಲ್ಲ. ಇಲ್ಲವೆಂದೂ ಬರೆಯುವುದಿಲ್ಲ. ಎರಡಕ್ಕೂ ಒಳಗೆ ಏನೋ ಅಲ್ಲಾಡಬೇಕು. ಅಲ್ಲಾಡಿಲ್ಲ.

ಪುಟ್ಟಿಗೆ ನೀನು ಬರೆದ ವಾಕ್ಯವನ್ನು ಓದಿ ಹೇಳಿದೆ. ಅವಳು "ಹಾಗಾದ್ರೆ ಯಾರು ಕೆಡಿಸಿದ್ದು?" ಎಂದಳು. ನಾನು ಹೇಳಲಿಲ್ಲ. ಹೇಳಿದರೆ ಚಾಡಿಯಾಗುತ್ತದೆ. ಬೇರೆ ಏನಾದರೂ ಹೇಳಿದರೆ ಅವಳು ನಂಬುವುದಿಲ್ಲ, ಮತ್ತೆ ತನ್ನದೇ ಎಂದುಕೊಳ್ಳುತ್ತಾಳೆ. ಇನ್ನೂ ಕೊನೇ ಬೆಂಚಿನಲ್ಲೇ ಇದ್ದಾಳೆ.

ಭಾನುವಾರ ಬಾ. ನಾನು ಅಂಗಡಿಯಲ್ಲಿರುತ್ತೇನೆ, ಬೇಕೆಂದೇ ಆ ದಿನದ ಪಾಳಿ ಕೇಳಿ ತೆಗೆದುಕೊಂಡಿದ್ದೇನೆ. ಇವರು ಬಾಗಿಲು ತೆಗೆದು ಹೊರಗೆ ಹೋಗುತ್ತಾರೆ. ನೀನು ಪುಟ್ಟಿಯ ಎದುರು ಕೂತು ನನಗೆ ಬರೆದದ್ದನ್ನೆಲ್ಲ ಅವಳಿಗೆ ಹೇಳು, ಯಾರು ಎಂಬುದನ್ನೂ ಸೇರಿಸಿ. ಘೋಷಣೆಯ ದನಿಯಲ್ಲೇ ಹೇಳು, ಪರವಾಗಿಲ್ಲ, ಅವಳು ಆ ದನಿಯನ್ನು ನಂಬುತ್ತಾಳೆ. ತುಂಬ ಪ್ರಶ್ನೆ ಕೇಳುತ್ತಾಳೆ. ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎನ್ನು.

ಕೇಳಿಯಾದ ಮೇಲೆ ಅವಳು ನಿನ್ನ ಜೊತೆ ಮಾತು ಬಿಡಬಹುದು. ಬಿಟ್ಟರೆ ಬಿಡಲಿ. ನನ್ನ ಹತ್ತಿರ ಬಂದು ಕೂತರೆ ಸಾಕು.

ನಾನು ಆರೂವರೆಗೆ ಬರುತ್ತೇನೆ. ಅಷ್ಟು ಹೊತ್ತಿಗೆ ನೀನು ಹೊರಟುಹೋಗಿರಬೇಡ.

ತಂಗಿ